ಎಕರೆ–ಗುಂಟೆ ಲೆಕ್ಕದಲ್ಲಿ ಬೀಜಗಣಿತದ ಬಳಕೆ: ಅರ್ಜಿದಾರರ ಮಾಹಿತಿಗಾಗಿ

ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳ ಅನೇಕ ರೈತ ಕುಟುಂಬಗಳ ಜಮೀನು ಒಂದಕ್ಕಿಂತ ಹೆಚ್ಚು ಸರ್ವೆ ನಂಬರುಗಳಲ್ಲಿ ಹರಡಿಕೊಂಡಿರುತ್ತದೆ. ಹಿಡುವಳಿ ಪ್ರಮಾಣಪತ್ರ, ಪಾಲು ವಿಭಾಗ ಮುಂತಾದ ಕೆಲಸಗಳಿಗೆ ಅರ್ಜಿ ಸಲ್ಲಿಸುವಾಗ ಒಟ್ಟು ವಿಸ್ತೀರ್ಣವನ್ನು ನಮೂದಿಸಬೇಕಾಗುತ್ತದೆ. ಕೂಡುವಾಗ ಆಗುವ ಸಣ್ಣ ತಪ್ಪಿನಿಂದ ಅರ್ಹರು ಸೌಲಭ್ಯದಿಂದ ವಂಚಿತರಾಗುವ ಸಂಭವವಿದೆ. ಪ್ರೌಢಶಾಲೆಯಲ್ಲಿ ಕಲಿಸಲಾಗುವ ಬೀಜಗಣಿತದ ಮೂರು ನಿಯಮಗಳನ್ನು ಅನುಸರಿಸಿದಲ್ಲಿ ಇಂತಹ ತಪ್ಪನ್ನು ತಪ್ಪಿಸಬಹುದಾಗಿದೆ.

1. ಅಳತೆಯ ಮಾನಗಳು

1 ಎಕರೆ = 40 ಗುಂಟೆ. 1 ಗುಂಟೆ = 16 ಆಣೆ. 33 ಅಡಿ ಉದ್ದ, 33 ಅಡಿ ಅಗಲದ ಸ್ಥಳವು 1 ಗುಂಟೆ, ಅಂದರೆ 1,089 ಚದರ ಅಡಿ. 1 ಎಕರೆಗೆ 43,560 ಚದರ ಅಡಿ. 1 ಹೆಕ್ಟೇರ್ ಎಂದರೆ ಸುಮಾರು 98.84 ಗುಂಟೆ, ಅಂದರೆ 2 ಎಕರೆ 18.84 ಗುಂಟೆ.

ಕೃಷಿ ಗಣತಿಯ ವರ್ಗೀಕರಣದಂತೆ 1 ಹೆಕ್ಟೇರ್‌ಗಿಂತ ಕಡಿಮೆ ಹಿಡುವಳಿಯುಳ್ಳವರು ಅತಿ ಸಣ್ಣ ರೈತರು. 1ರಿಂದ 2 ಹೆಕ್ಟೇರ್‌ವರೆಗಿನವರು ಸಣ್ಣ ರೈತರು. ಆಯಾ ಯೋಜನೆಯ ಮಿತಿಯನ್ನು ಸಂಬಂಧಪಟ್ಟ ಆದೇಶದಲ್ಲಿ ನೋಡಿಕೊಳ್ಳತಕ್ಕದ್ದು.

2. ಸಜಾತಿ ಪದಗಳನ್ನು ಮಾತ್ರ ಕೂಡುವುದು

ಬೀಜಗಣಿತದಲ್ಲಿ 2ಅ ಮತ್ತು 3ಅ ಸೇರಿ 5ಅ ಆಗುತ್ತದೆ. ಆದರೆ 2ಅ ಮತ್ತು 3ಬ ಸೇರಿ ಒಂದೇ ಪದವಾಗುವುದಿಲ್ಲ. ಅವು ವಿಜಾತಿ ಪದಗಳು. ಎಕರೆ ಮತ್ತು ಗುಂಟೆಗಳೂ ಹೀಗೆಯೇ. ಎಕರೆಯೊಂದಿಗೆ ಎಕರೆಯನ್ನು, ಗುಂಟೆಯೊಂದಿಗೆ ಗುಂಟೆಯನ್ನು ಕೂಡಬೇಕು.

ಉದಾಹರಣೆ: ಅರ್ಜಿದಾರರೊಬ್ಬರ ಮೂರು ಜಮೀನುಗಳು ಪಹಣಿಯಲ್ಲಿ 1.36.00, 1.28.00 ಮತ್ತು 1.19.00 ಎಂದಿವೆ. ಇಲ್ಲಿರುವ ಚುಕ್ಕೆಯು ದಶಮಾಂಶ ಬಿಂದುವಲ್ಲ. ಎಕರೆ, ಗುಂಟೆ, ಆಣೆಗಳನ್ನು ಬೇರ್ಪಡಿಸುವ ಗುರುತು ಮಾತ್ರ.

ಎಕರೆ: 1 + 1 + 1 = 3
ಗುಂಟೆ: 36 + 28 + 19 = 83, ಅಂದರೆ 2 ಎಕರೆ 3 ಗುಂಟೆ
ಒಟ್ಟು: 5 ಎಕರೆ 3 ಗುಂಟೆ (203 ಗುಂಟೆ)

ಕ್ಯಾಲ್ಕುಲೇಟರಿನಲ್ಲಿ 1.36 + 1.28 + 1.19 ಎಂದು ಒತ್ತಿದರೆ 3.83 ಬರುತ್ತದೆ. ಇದನ್ನು ಎಕರೆ ಎಂದು ಬರೆದಲ್ಲಿ ಸುಮಾರು 50 ಗುಂಟೆ ಕಡಿಮೆ ತೋರಿಸಿದಂತಾಗುತ್ತದೆ. 2 ಹೆಕ್ಟೇರ್ ಎಂದರೆ ಸುಮಾರು 197.68 ಗುಂಟೆ. ಸದರಿ ಅರ್ಜಿದಾರರು ವಾಸ್ತವವಾಗಿ ಈ ಮಿತಿಯನ್ನು ಮೀರಿದ್ದರೂ ತಪ್ಪು ಲೆಕ್ಕದಲ್ಲಿ ಮಿತಿಯೊಳಗೆ ಕಾಣುತ್ತಾರೆ. ಪಹಣಿಯೊಂದಿಗೆ ತಾಳೆ ನೋಡುವಾಗ ಈ ವ್ಯತ್ಯಾಸ ಕಂಡುಬರುತ್ತದೆ.

ತಪ್ಪು ಅರ್ಜಿದಾರರ ವಿರುದ್ಧವೂ ಆಗಬಹುದು. 2 ಎಕರೆ 5 ಗುಂಟೆ ಎಂದರೆ 85 ಗುಂಟೆ. ಇದು 1 ಹೆಕ್ಟೇರ್‌ಗಿಂತ ಕಡಿಮೆ. ಇದನ್ನೇ 2.5 ಎಕರೆ ಎಂದು ಬರೆದರೆ 100 ಗುಂಟೆ ಎಂದಾಗುತ್ತದೆ. ಆಗ ಅತಿ ಸಣ್ಣ ರೈತರು ತಮ್ಮ ವರ್ಗವನ್ನೇ ಕಳೆದುಕೊಳ್ಳುತ್ತಾರೆ. ಆದುದರಿಂದ "2 ಎಕರೆ 05 ಗುಂಟೆ" ಎಂದು ಸ್ಪಷ್ಟವಾಗಿ ಬರೆಯುವುದು ಕ್ಷೇಮ.

3. ಆವರಣ ಚಿಹ್ನೆಯನ್ನು ಬಿಡಿಸುವುದು

ಸಾಗುವಳಿಗೆ ಲಭ್ಯವಿರುವ ವಿಸ್ತೀರ್ಣವನ್ನು ತಿಳಿಯಲು ಒಟ್ಟು ವಿಸ್ತೀರ್ಣದಿಂದ ಖರಾಬು (ಅ) ಮತ್ತು ಖರಾಬು (ಬ) ಎರಡನ್ನೂ ಕಳೆಯಬೇಕು. ಆವರಣದ ಮುಂದೆ ಕಳೆಯುವ ಚಿಹ್ನೆ ಇದ್ದಲ್ಲಿ ಒಳಗಿನ ಪ್ರತಿಯೊಂದು ಪದದ ಚಿಹ್ನೆಯೂ ಬದಲಾಗುತ್ತದೆ.

ಉದಾಹರಣೆ: ಒಟ್ಟು 3 ಎಕರೆ 10 ಗುಂಟೆ (130 ಗುಂಟೆ), ಖರಾಬು (ಅ) 6 ಗುಂಟೆ, ಖರಾಬು (ಬ) 8 ಗುಂಟೆ.

130 – (6 + 8) = 130 – 6 – 8 = 116 ಗುಂಟೆ, ಅಂದರೆ 2 ಎಕರೆ 36 ಗುಂಟೆ.

130 – 6 + 8 ಎಂದು ಮಾಡಿದರೆ 132 ಬರುತ್ತದೆ. ಉಳಿದ ಜಮೀನು ಒಟ್ಟು ಜಮೀನಿಗಿಂತ ಹೆಚ್ಚಾಗುವುದು ಸಾಧ್ಯವಿಲ್ಲ. ತಪ್ಪನ್ನು ಗುರುತಿಸಲು ಇಷ್ಟು ಸಾಕು.

4. ಸಮೀಕರಣದಿಂದ ಪಾಲು ಕಂಡುಹಿಡಿಯುವುದು

ಮೇಲ್ಕಂಡ 203 ಗುಂಟೆ ಜಮೀನನ್ನು ಇಬ್ಬರು ಸಹೋದರರು ಹಾಗೂ ಒಬ್ಬ ಸಹೋದರಿ ಹಂಚಿಕೊಳ್ಳುತ್ತಾರೆಂದು ಭಾವಿಸೋಣ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ತಲುಪದ ಭಾಗವನ್ನು ಪಡೆಯುವವರಿಗೆ ಉಳಿದ ಪ್ರತಿಯೊಬ್ಬರಿಗಿಂತ 11 ಗುಂಟೆ ಹೆಚ್ಚು ಕೊಡಲು ಮೂವರೂ ಒಪ್ಪಿದ್ದಾರೆ. ತಿಳಿಯದ ಪಾಲನ್ನು 'ಕ್ಷ' ಎಂದು ಇಟ್ಟುಕೊಂಡರೆ:

ಕ್ಷ + ಕ್ಷ + (ಕ್ಷ + 11) = 203
3ಕ್ಷ + 11 = 203
3ಕ್ಷ = 203 – 11 = 192
ಕ್ಷ = 192 ÷ 3 = 64

ಇಬ್ಬರಿಗೆ ತಲಾ 64 ಗುಂಟೆ (1 ಎಕರೆ 24 ಗುಂಟೆ), ಮೂರನೆಯವರಿಗೆ 75 ಗುಂಟೆ (1 ಎಕರೆ 35 ಗುಂಟೆ). ತಾಳೆ: 64 + 64 + 75 = 203.

ಸಮೀಕರಣವು ತಕ್ಕಡಿಯಂತೆ. ಒಂದು ತಟ್ಟೆಯಿಂದ 11 ತೆಗೆದರೆ ಇನ್ನೊಂದರಿಂದಲೂ 11 ತೆಗೆಯಬೇಕು. ಒಂದು ಬದಿಯನ್ನು 3ರಿಂದ ಭಾಗಿಸಿದರೆ ಇನ್ನೊಂದು ಬದಿಯನ್ನೂ ಭಾಗಿಸಬೇಕು. ವಿಭಾಗವು ಕ್ರಮಬದ್ಧವಾಗಿ ನೋಂದಣಿಯಾಗಿ, ಹಕ್ಕು ಬದಲಾವಣೆಯ ನಂತರ ಮೂವರ ಹೆಸರಿನಲ್ಲಿ ಪ್ರತ್ಯೇಕ ಪಹಣಿಯಾದಲ್ಲಿ, ಬೇರೆ ಜಮೀನು ಇಲ್ಲದಿದ್ದರೆ, ಪ್ರತಿಯೊಬ್ಬರ ಹಿಡುವಳಿಯೂ 1 ಹೆಕ್ಟೇರ್‌ಗಿಂತ ಕಡಿಮೆಯಾಗುತ್ತದೆ.

5. ಈ ನಾಡಿನ ಗಣಿತ ಪರಂಪರೆ

ಈ ವಿದ್ಯೆ ಈ ಭಾಗಕ್ಕೆ ಹೊಸತೇನಲ್ಲ. ನೆರೆಯ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಹಂಚಿಕೆ, ಕ್ಷೇತ್ರಫಲ, ತಿಳಿಯದ ಮೊತ್ತವನ್ನು ಕಂಡುಹಿಡಿಯುವ ಲೆಕ್ಕಗಳು ಅದರಲ್ಲಿವೆ. 12ನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದನು.

6. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಅ) ಎಲ್ಲ ಸರ್ವೆ ನಂಬರುಗಳ ವಿಸ್ತೀರ್ಣವನ್ನು ಮೊದಲು ಗುಂಟೆಗೆ ಪರಿವರ್ತಿಸಿ ಕೂಡುವುದು.
ಆ) ಮೊತ್ತವನ್ನು 40ರಿಂದ ಭಾಗಿಸುವುದು, ಭಾಗಲಬ್ಧ ಎಕರೆ, ಶೇಷ ಗುಂಟೆ.
ಇ) ಬಂದ ಉತ್ತರವನ್ನು ಮೂಲ ಲೆಕ್ಕದಲ್ಲಿಟ್ಟು ತಾಳೆ ನೋಡುವುದು.
ಈ) ಅರ್ಜಿಯನ್ನು ಬೇರೆಯವರು ಭರ್ತಿ ಮಾಡಿದ್ದಲ್ಲಿ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕುವ ಮುನ್ನ ವಿಸ್ತೀರ್ಣವನ್ನು ಓದಿಸಿ ಕೇಳಿ, ಪಹಣಿಯೊಂದಿಗೆ ಹೋಲಿಸಿ ನೋಡುವುದು.