ದಗ್ಧವ್ರಣವೂ ಚರ್ಮದ ಕಸಿಯೂ

ಸುಶ್ರುತಸಂಹಿತೆಯ ಸೂತ್ರಸ್ಥಾನದ 12ನೆಯ ಅಧ್ಯಾಯದಲ್ಲಿ ಸುಟ್ಟ ಗಾಯಗಳನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಇವುಗಳಲ್ಲಿ ಕಡೆಯದಕ್ಕೆ ಹೇಳಿರುವ ಕ್ರಮವು ಗಮನಾರ್ಹವಾದುದು. ಕಳಚಿ ಜೋತುಬಿದ್ದ ಮಾಂಸವನ್ನು ತೆಗೆದುಹಾಕಿ, ಶೀತೋಪಚಾರ ಮಾಡಿ, ಲೇಪವನ್ನು ಹಚ್ಚಿ, ಗಾಯವನ್ನು ಅಮೃತಬಳ್ಳಿಯ ಎಲೆಗಳಿಂದಾಗಲಿ ನೀರಿನಲ್ಲಿ ಬೆಳೆಯುವ ಗಿಡಗಳ ಎಲೆಗಳಿಂದಾಗಲಿ ಮುಚ್ಚಬೇಕೆಂದು ಅಲ್ಲಿ ವಿಧಿಸಿದೆ. ಸತ್ತುದನ್ನು ತೆಗೆಯುವುದು, ಉಳಿದುದನ್ನು ಹೊದಿಸುವುದು: ಈಗಿನ ಶಸ್ತ್ರವೈದ್ಯರ ಕಾರ್ಯವೂ ಸ್ಥೂಲವಾಗಿ ಇವೆರಡೇ. ಇಷ್ಟರಿಂದಲೇ ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂದು ಸಾಧಿಸಹೊರಡುವುದು ಯುಕ್ತವಲ್ಲ. ಆಳವಾಗಿ ಸುಟ್ಟ ಗಾಯವು ತಾನಾಗಿ ಏಕೆ ಮಾಯುವುದಿಲ್ಲವೆಂಬುದು ಸೂಕ್ಷ್ಮದರ್ಶಕವು ಬಂದ ಮೇಲೆ ತಿಳಿದ ವಿಷಯವಾಗಿದೆ.

ಹೊರಚರ್ಮವನ್ನು ಮತ್ತೆ ಬೆಳೆಯಿಸತಕ್ಕ ಜೀವಕೋಶಗಳು ರೋಮಕೂಪಗಳಲ್ಲಿಯೂ ಬೆವರಿನ ಗ್ರಂಥಿಗಳಲ್ಲಿಯೂ ಅಡಗಿರುತ್ತವೆ. ಒಳಚರ್ಮವು ಸ್ವಲ್ಪವಾದರೂ ಉಳಿದಿದ್ದರೆ ಅಲ್ಲಿಂದ ಹೊಸ ಚರ್ಮವು ಚಿಗುರುವುದು. ಅದೂ ಬೆಂದುಹೋದರೆ ಗಾಯವು ಅಂಚುಗಳಿಂದ ಮಾತ್ರ ಮೆಲ್ಲಮೆಲ್ಲನೆ ಮುಚ್ಚಬೇಕಾಗುತ್ತದೆ. ಅಷ್ಟರೊಳಗೆ ಅದು ಸುಕ್ಕಿ, ಕೀಲುಗಳನ್ನು ಬಿಗಿಹಿಡಿದು, ಅಂಗವನ್ನು ನಿರುಪಯುಕ್ತಗೊಳಿಸುವುದು. ಆದುದರಿಂದಲೇ ಕಸಿಯ ಅವಶ್ಯಕತೆಯುಂಟಾಯಿತು. 1869ರಲ್ಲಿ ಪ್ಯಾರಿಸಿನ ರೆವರ್ದಾ ಎಂಬ ವೈದ್ಯನು ಚರ್ಮದ ಸಣ್ಣ ಚೂರುಗಳನ್ನು ಗಾಯದ ಮೇಲಿರಿಸಿ, ಅವು ಬೇರುಬಿಟ್ಟು ಹರಡುವುದನ್ನು ತೋರಿಸಿದನು. 1874ರಲ್ಲಿ ಜರ್ಮನಿಯ ಥೀರ್ಶ್ ಎಂಬಾತನು ತೆಳುವಾದ ಅಗಲ ಹಾಳೆಗಳನ್ನೇ ಬಳಸಿದನು.

ಕಸಿ ಎಂಬ ತೋಟಗಾರರ ಮಾತು ಇಲ್ಲಿ ಬಹಳ ಚೆನ್ನಾಗಿ ಒಪ್ಪುತ್ತದೆ. ಮಿಲಿಮೀಟರಿನ ಮೂರನೆಯೊಂದು ಭಾಗಕ್ಕಿಂತಲೂ ತೆಳುವಾದ ಈ ಹಾಳೆಯು ಮೊದಲ ಎರಡು ದಿನ ಗಾಯದಿಂದ ಒಸರುವ ದ್ರವವನ್ನು ಹೀರಿಕೊಂಡೇ ಬದುಕಿರಬೇಕು. ಅನಂತರ ಕೆಳಗಿನ ರಕ್ತನಾಳಗಳು ಇದರ ನಾಳಗಳೊಡನೆ ಕೂಡಿಕೊಳ್ಳುತ್ತವೆ. ಐದಾರು ದಿನಗಳಲ್ಲಿ ರಕ್ತಸಂಚಾರವು ನೆಲೆಗೊಳ್ಳುತ್ತದೆ. ಈ ನಡುವೆ ಹಾಳೆಯ ಕೆಳಗೆ ನೆತ್ತರು ನಿಂತರೂ, ಕೀವಾದರೂ, ಹಾಳೆಯು ಕೊಂಚ ಜರುಗಿದರೂ ಕಸಿಯು ಸಾಯುವುದು. ಅಂಗವನ್ನು ಅಲುಗದಂತೆ ಕಟ್ಟುವುದು ಇದಕ್ಕಾಗಿಯೇ. 1964ರಲ್ಲಿ ಟ್ಯಾನರ್ ಮೊದಲಾದವರು ಹಾಳೆಯಲ್ಲಿ ಸಾಲುಸಾಲಾಗಿ ಸೀಳುಗಳನ್ನು ಮಾಡಿ, ಬಲೆಯಂತೆ ಹಿಗ್ಗಿಸುವ ಉಪಾಯವನ್ನು ಪ್ರಕಟಿಸಿದರು. ಇದರಿಂದ ದ್ರವವು ಹೊರಹರಿಯುವುದು. ಅಲ್ಪ ಚರ್ಮವು ವಿಶಾಲವಾದ ಗಾಯಕ್ಕೆ ಸಾಕಾಗುವುದು. ಆದರೆ ಬಲೆಯ ಗುರುತು ಉಳಿದುಬಿಡುವುದರಿಂದ ಮುಖಕ್ಕೂ ಕೈಗೂ ಸಾಧ್ಯವಾದಮಟ್ಟಿಗೆ ಇಡಿಯ ಹಾಳೆಯನ್ನೇ ಹಾಕುತ್ತಾರೆ.

ಇವೆಲ್ಲಕ್ಕಿಂತ ದೊಡ್ಡ ಬದಲಾವಣೆಯನ್ನು ತಂದವರು ಮಾರಿಬೋರ್ ನಗರದ ಝೋರಾ ಯಾನ್ಜೆಕೋವಿಚ್ ಎಂಬ ವೈದ್ಯೆ. ಅದುವರೆಗೆ ಬೆಂದ ಚರ್ಮವು ತಾನಾಗಿ ಕಳಚುವವರೆಗೆ ವಾರಗಟ್ಟಲೆ ಕಾಯುತ್ತಿದ್ದರು. ಆ ಅವಧಿಯಲ್ಲಿ ಎಷ್ಟೋ ರೋಗಿಗಳು ನಂಜಿನಿಂದ ಸಾಯುತ್ತಿದ್ದರು. ಮೊದಲ ಕೆಲವು ದಿನಗಳಲ್ಲಿಯೇ, ಸತ್ತ ಪದರವನ್ನು ನೆತ್ತರು ಜಿನುಗುವ ಜೀವಂತ ಪದರದವರೆಗೆ ಹೆರೆದು, ಕೂಡಲೆ ಕಸಿಮಾಡಬೇಕೆಂದು ಈಕೆ 1970ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪ್ರತಿಪಾದಿಸಿದರು.

ಆದರೆ ಚರ್ಮವು ರೋಗಿಯದೇ ಆಗಬೇಕು. ಅನ್ಯರ ಚರ್ಮವನ್ನು ದೇಹವು ತಳ್ಳಿಬಿಡುವುದೆಂದೂ, ಎರಡನೆಯ ಸಲ ಇನ್ನೂ ಬೇಗ ತಳ್ಳುವುದೆಂದೂ ಗಿಬ್ಸನ್, ಮೆಡವಾರ್ ಇವರು 1943ರಲ್ಲಿ ತೋರಿಸಿಕೊಟ್ಟರು. ಚರ್ಮಭಂಡಾರಗಳಲ್ಲಿ ಮೃತರಿಂದ ದಾನವಾಗಿ ಬಂದ ಚರ್ಮವು ತಾತ್ಕಾಲಿಕವಾದ ಹೊದಿಕೆ ಮಾತ್ರ. ಹೀಗಾಗಿ ತೊಡೆಯಿಂದಲೋ ಬೆನ್ನಿನಿಂದಲೋ ಹಾಳೆಯನ್ನು ತೆಗೆದಾಗ ಅಲ್ಲಿ ಮತ್ತೊಂದು ಗಾಯವಾಗುವುದು. ಸುಟ್ಟ ಗಾಯಕ್ಕಿಂತ ಇದರ ನೋವೇ ಹೆಚ್ಚೆಂದು ಹೇಳುವ ರೋಗಿಗಳು ಅನೇಕರು. ಒಣಬಟ್ಟೆಯು ಇದಕ್ಕೆ ಅಂಟಿಕೊಂಡು, ಬಿಚ್ಚುವಾಗ ಹೊಸ ಚರ್ಮವನ್ನೂ ಕಿತ್ತುಕೊಂಡು ಬರುತ್ತದೆ. ಗಾಯವನ್ನು ಒಣಗಿಸುವುದೇ ಒಳ್ಳೆಯದೆಂಬ ನಂಬಿಕೆಯನ್ನು ವಿಂಟರ್ ಎಂಬಾತನು 1962ರಲ್ಲಿ ಹಂದಿಗಳ ಮೇಲೆ ನಡೆಸಿದ ಪ್ರಯೋಗದಿಂದ ಅಲುಗಿಸಿದನು. ತೇವವಾಗಿದ್ದ ಗಾಯಗಳ ಮೇಲೆ ಹೊರಚರ್ಮವು ಸುಮಾರು ಇಮ್ಮಡಿ ವೇಗದಿಂದ ಹರಡಿತು.

ಈ ತೇವವನ್ನು ಕಾಪಾಡುವ ಕೃತಕ ಹೊದಿಕೆಗಳ ಬೆಲೆ ಬಡವರಿಗೆ ನಿಲುಕದು. ಮುಂಬಯಿಯ ವೈದ್ಯರು ಮೊದಲು ಬೇಯಿಸಿದ ಆಲೂಗೆಡ್ಡೆಯ ಸಿಪ್ಪೆಯನ್ನು ಬಟ್ಟೆಗೆ ಅಂಟಿಸಿ ಬಳಸಿದರು. 2003ರಲ್ಲಿ ಬಾಳೆಯ ಎಲೆಯನ್ನು ಹಬೆಯಿಂದ ಶುದ್ಧಿಗೊಳಿಸಿ, ಸುಟ್ಟ ಗಾಯಕ್ಕೂ ಚರ್ಮವನ್ನು ತೆಗೆದ ಜಾಗಕ್ಕೂ ಹೊದಿಸಿದ ಫಲಿತಾಂಶಗಳು ಪ್ರಕಟವಾದುವು. ಎಲೆಯ ಮೇಣದಂತಹ ನುಣುಪಿನಿಂದ ಅದು ಗಾಯಕ್ಕೆ ಅಂಟುವುದಿಲ್ಲ. ಬಿಚ್ಚುವಾಗ ನೋವು ಅತ್ಯಲ್ಪ. ಸುಶ್ರುತನ ಎಲೆಗೂ ಇದಕ್ಕೂ ನೇರವಾದ ಪರಂಪರೆಯನ್ನು ಕಲ್ಪಿಸಬೇಕಾದುದಿಲ್ಲ. ಶುದ್ಧಿಗೊಳಿಸದ ಎಲೆಯನ್ನು ಮನೆಯಲ್ಲಿ ಕಟ್ಟುವುದಂತೂ ಅಪಾಯಕರ.

ಕಸಿಯು ಹಿಡಿದ ಮೇಲೆ ಉಬ್ಬುಕಲೆಯನ್ನು ತಡೆಯಲು ತಿಂಗಳುಗಟ್ಟಲೆ ಬಿಗಿಯುಡುಪನ್ನು ತೊಡಿಸುವುದುಂಟು. ಹೊಸ ಚರ್ಮದಲ್ಲಿ ಬೆವರಿನ ಮತ್ತು ಜಿಡ್ಡಿನ ಗ್ರಂಥಿಗಳು ಬಹುಮಟ್ಟಿಗೆ ಇರುವುದಿಲ್ಲವಾದುದರಿಂದ ಅದಕ್ಕೆ ದಿನವೂ ಎಣ್ಣೆಯನ್ನು ತಿಕ್ಕಬೇಕು, ಬಿಸಿಲು ತಾಗದಂತೆ ನೋಡಿಕೊಳ್ಳಬೇಕು.