ಆ್ಯಕ್ಷನ್ ಟ್ರೇಲರ್ ನೋಡಿದರೆ ಮೈ ಜುಮ್ಮೆನ್ನುವುದೇಕೆ? ಫಾರ್ವರ್ಡ್ ಒತ್ತುವ ಮುನ್ನ ಇದು ತಿಳಿದಿರಲಿ

ರಾತ್ರಿ ಊಟ ಮುಗಿಸಿ ಮೊಬೈಲ್ ಕೈಗೆತ್ತಿಕೊಂಡಿದ್ದೀರಿ. ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಲಿಂಕ್ ಬಂದಿದೆ. ಹೊಸ ಸಿನಿಮಾದ ಟ್ರೇಲರ್. ಎರಡು ನಿಮಿಷ ರೆಪ್ಪೆ ಮಿಟುಕಿಸದೆ ನೋಡುತ್ತೀರಿ. ಕೊನೆಯ ಹೊಡೆತಕ್ಕೆ ತೋಳಿನ ರೋಮ ನೆಟ್ಟಗಾಗುತ್ತದೆ. ಪಕ್ಕದಲ್ಲಿದ್ದವರು "ಕಥೆ ಏನಂತೆ?" ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಆದರೆ ಅಷ್ಟರಲ್ಲಿ ಅದನ್ನು ಇನ್ನೂ ಮೂರು ಗ್ರೂಪಿಗೆ ಕಳಿಸಿಯಾಗಿದೆ.

ಇದರಲ್ಲಿ ತಪ್ಪೇನೂ ಇಲ್ಲ. ನಾವೂ ಹಾಗೇ ಮಾಡುತ್ತೇವೆ. ಆದರೆ ಕಥೆಯೇ ಗೊತ್ತಾಗದ ವಿಡಿಯೊ ನಮ್ಮ ಕೈಯಿಂದ ಫಾರ್ವರ್ಡ್ ಒತ್ತಿಸಿದ್ದು ಹೇಗೆ? ಇದು ಬರೀ ಸಿನಿಮಾಕ್ಕೆ ಸಂಬಂಧಿಸಿದ ಪ್ರಶ್ನೆಯಲ್ಲ. ಇದೇ ತಂತ್ರದ ವಿಡಿಯೊಗಳು ಸಿನಿಮಾದ ಹೆಸರಿಲ್ಲದೆಯೂ ನಮ್ಮ ಗ್ರೂಪಿಗೆ ಬರುತ್ತವೆ. ಅಂಥವುಗಳ ಬೆನ್ನಿಗೆ ಜೀವಗಳೂ ಹೋಗಿವೆ. ಹಾಗಾಗಿ ಮೊದಲು ಟ್ರೇಲರ್‌ನ ಒಳಗುಟ್ಟು ನೋಡೋಣ, ಆಮೇಲೆ ಫಾರ್ವರ್ಡ್‌ಗೆ ಬರೋಣ.

ಟ್ರೇಲರ್ ಎಂದರೆ ಸಿನಿಮಾದ ಸಾರಾಂಶವೇ?

ಅಲ್ಲ. ಅದು ಜಾಹೀರಾತು. ಸಾರಾಂಶ ನಮ್ಮ ಪ್ರಶ್ನೆಗೆ ಉತ್ತರ ಕೊಡುತ್ತದೆ. ಟ್ರೇಲರ್ ಪ್ರಶ್ನೆ ಹುಟ್ಟಿಸಿ, ಉತ್ತರಕ್ಕೆ ಟಿಕೆಟ್ ತೆಗೆದುಕೊಳ್ಳಿ ಎನ್ನುತ್ತದೆ.

ಇದಕ್ಕೆ ಸಿಗುವ ಸಮಯ ಬಹಳ ಕಡಿಮೆ. ಅಮೆರಿಕದ ಚಿತ್ರಮಂದಿರ ಮಾಲೀಕರ ಸಂಘ 2014ರಲ್ಲಿ ಟ್ರೇಲರ್‌ಗಳು ಎರಡು ನಿಮಿಷ ಮೀರದಿದ್ದರೆ ಒಳ್ಳೆಯದು ಎಂದು ಸೂಚಿಸಿತ್ತು. ಅಷ್ಟರಲ್ಲಿ ಪಾತ್ರ, ಊರು, ಜಗಳ, ಸೇಡು ಎಲ್ಲವನ್ನೂ ವಿವರಿಸಲು ಆಗದು. ಆದ್ದರಿಂದ ನಮಗೆ ಮೊದಲೇ ಗೊತ್ತಿರುವ ಗುರುತುಗಳನ್ನು ಟ್ರೇಲರ್ ಬಳಸಿಕೊಳ್ಳುತ್ತದೆ. ಒಂದು ಬಗೆಯ ಸಿನಿಮಾಗಳಲ್ಲಿ ಮತ್ತೆ ಮತ್ತೆ ಬಂದು ರೂಢಿಯಾದ ಇಂಥ ಗುರುತುಗಳಿಂದಲೇ ಅದರ ಜಾನರ್ ಯಾವುದೆಂದು ನಮಗೆ ತಿಳಿಯುವುದು.

ಇದು ನಮಗೆ ಹೊಸದಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವುದನ್ನು ನೆನಪಿಸಿಕೊಳ್ಳಿ. ಮೊದಲು ಅಡ್ಡ ತೆರೆ ಹಿಡಿಯುತ್ತಾರೆ. ಚೆಂಡೆಯ ಪೆಟ್ಟು ಏರುತ್ತದೆ. ತೆರೆಯ ಹಿಂದೆ ವೇಷ ಇಷ್ಟಿಷ್ಟೇ ಕಾಣಿಸುತ್ತದೆ. ಯಾರೂ ಹೆಸರು ಹೇಳದಿದ್ದರೂ ಬರುತ್ತಿರುವುದು ರಾಕ್ಷಸ ಪಾತ್ರ ಎಂದು ಮುಂದೆ ಕೂತ ಮಗುವಿಗೂ ಗೊತ್ತಾಗುತ್ತದೆ. ಸಿನಿಮಾದ 'ಹೀರೋ ಎಂಟ್ರಿ' ನಡೆಯುವುದೂ ಬಹುಮಟ್ಟಿಗೆ ಹೀಗೆಯೇ. ಮೊದಲು ಬೂಟು, ಆಮೇಲೆ ಬೆನ್ನು, ಆಮೇಲೆ ಹೊಗೆ, ಕೊನೆಗೆ ಮುಖ.

ಕೆಜಿಎಫ್ 2 ಟೀಸರ್ ಮಾಡಿದ್ದೇನು?

ನಮಗೆಲ್ಲ ಗೊತ್ತಿರುವ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 'ಕೆಜಿಎಫ್: ಚಾಪ್ಟರ್ 2' ಟೀಸರ್ ಯಶ್ ಹುಟ್ಟುಹಬ್ಬವಾದ 2021ರ ಜನವರಿ 8ಕ್ಕೆ ಬರಬೇಕಿತ್ತು. ಹಿಂದಿನ ದಿನವೇ ಅದರ ತುಣುಕು ಸೋರಿಕೆಯಾಗಿ ಹರಿದಾಡಿದ್ದರಿಂದ ಚಿತ್ರತಂಡ 7ರ ರಾತ್ರಿಯೇ ಬಿಡುಗಡೆ ಮಾಡಿತು. ಎರಡು ದಿನಗಳ ಆಸುಪಾಸಿನಲ್ಲಿ 10 ಕೋಟಿ ವೀಕ್ಷಣೆ ದಾಟಿತು. ಸಿನಿಮಾ ಬಂದದ್ದು 2022ರ ಏಪ್ರಿಲ್ 14ಕ್ಕೆ. ಅಂದರೆ ಎರಡು ನಿಮಿಷದ ವಿಡಿಯೊ ನಮ್ಮನ್ನು 15 ತಿಂಗಳು ಕಾಯಿಸಿತು.

ಅದರ ಕಟ್ಟಡ ಸರಳ. ಶುರುವಿನಲ್ಲಿ ಬಾಲ್ಯ, ತಾಯಿ, ಕೊಟ್ಟ ಮಾತು. ಇದು ಭಾವನೆಯ ತಳಪಾಯ. ಆಮೇಲೆ ಎದುರಾಳಿಗಳು. ಸಂಸತ್ತಿಗೆ ಬರುವ ರವೀನಾ ಟಂಡನ್, ಕ್ಷಣಕಾಲ ಕಾಣುವ ಸಂಜಯ್ ದತ್. ಶತ್ರು ದೊಡ್ಡದಾದಷ್ಟೂ ನಾಯಕ ದೊಡ್ಡವನಾಗುತ್ತಾನೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಇದು 'ಬಿಲ್ಡಪ್'. ಕೊನೆಗೆ ದೊಡ್ಡ ಮೆಷಿನ್ ಗನ್, ಹಾರಿಬೀಳುವ ಜೀಪುಗಳು, ಆಮೇಲೆ ಕಾದು ಕೆಂಪಾದ ನಳಿಕೆಯಿಂದ ಸಿಗರೇಟು ಹಚ್ಚಿಕೊಳ್ಳುವ ರಾಕಿ.

ಗಮನಿಸಿ, ಟೀಸರ್ 'ಏನು' ಎಂಬುದನ್ನು ತೋರಿಸಿತು, 'ಏಕೆ' ಎಂಬುದನ್ನು ಬಚ್ಚಿಟ್ಟಿತು. ಅಷ್ಟೊಂದು ಗುಂಡು ಹಾರಿಸಿದ್ದು ವಶಪಡಿಸಿಕೊಂಡ ಒಂದೇ ಒಂದು ಚಿನ್ನದ ಗಟ್ಟಿಗಾಗಿ ಎಂಬುದು ಸಿನಿಮಾ ನೋಡಿದ ಮೇಲಷ್ಟೇ ತಿಳಿಯುವ ಸಂಗತಿ.

ಆ ಸಿಗರೇಟು ಕೂಡ ರೂಢಿಯ ಗುರುತೇ. 'ಇವನಿಗೆ ಭಯವಿಲ್ಲ' ಎಂದು ಒಂದು ಸೆಕೆಂಡಿನಲ್ಲಿ ಹೇಳುವ ಸಂಕೇತ. ಅಂಥ ಸಂಕೇತ ಅಭಿಮಾನಿಗಳ ಮೇಲೆ ಪರಿಣಾಮ ಬೀರಬಹುದು ಎಂಬ ಕಾರಣಕ್ಕೇ ರಾಜ್ಯ ಆರೋಗ್ಯ ಇಲಾಖೆಯ ತಂಬಾಕು ನಿಯಂತ್ರಣ ಕೋಶ ಆಗ ನೋಟಿಸ್ ಕೊಟ್ಟಿತ್ತು.

ನಮ್ಮ ಮೈಯಲ್ಲಿ ಆಗುವುದೇನು?

ಆ್ಯಕ್ಷನ್ ಟ್ರೇಲರ್‌ಗಳಲ್ಲಿ ಒಂದು ಕ್ರಮ ಎದ್ದು ಕಾಣುತ್ತದೆ. ಶಬ್ದ ಏರುತ್ತಾ ಹೋಗುತ್ತದೆ, ದೃಶ್ಯಗಳು ಬೇಗ ಬೇಗ ಬದಲಾಗುತ್ತವೆ, ಒಮ್ಮೆಲೇ ಎಲ್ಲ ನಿಶ್ಶಬ್ದ. ಒಂದು ಉಸಿರು. ಆಮೇಲೆ ಢಮ್!

ದಿಢೀರ್ ಶಬ್ದಕ್ಕೆ ಬೆಚ್ಚಿಬೀಳುವುದು ಹುಟ್ಟಿನಿಂದ ಬಂದ ಪ್ರತಿಕ್ರಿಯೆ. ಯೋಚನೆ ಮಾಡುವ ಮೊದಲೇ ದೇಹ ಎಚ್ಚರವಾಗಿರುತ್ತದೆ. ರೋಮಾಂಚನವೂ ಹಾಗೆಯೇ. ಕೂದಲಿನ ಬುಡದಲ್ಲಿರುವ ಪುಟ್ಟ ಸ್ನಾಯುಗಳು ಬಿಗಿದಾಗ ರೋಮ ಎದ್ದು ನಿಲ್ಲುತ್ತದೆ. ಇದು ನಮ್ಮ ಅಪ್ಪಣೆ ಕೇಳಿ ಆಗುವಂಥದ್ದಲ್ಲ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಸಂಗೀತ ಕೇಳಿ ಮೈ ಜುಮ್ಮೆನ್ನುವವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಖುಷಿಗೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕ ಆ ಉತ್ತುಂಗದ ಕ್ಷಣದಲ್ಲಿ ಮಾತ್ರವಲ್ಲ, ಅದು ಬರಲಿದೆ ಎಂದು ಕಾಯುವ ಕ್ಷಣಗಳಲ್ಲೂ ಬಿಡುಗಡೆಯಾಗುತ್ತಿತ್ತು. ಢಮ್ ಎನ್ನುವ ಮುಂಚಿನ ಆ ನಿಶ್ಶಬ್ದ ಯಾಕೆ ಅಷ್ಟು ಹಿಡಿದಿಡುತ್ತದೆ ಎಂಬುದನ್ನು ಅರ್ಥ ಮಾಡಿಕೊಳ್ಳಲು ಇದು ನೆರವಾಗುತ್ತದೆ.

ಇನ್ನೊಂದು ವಿಷಯವಿದೆ. ಒಮ್ಮೆ ಏರಿದ ಉದ್ವೇಗ ತಕ್ಷಣ ಇಳಿಯುವುದಿಲ್ಲ. ಅದರ ಉಳಿಕೆ ಮುಂದಿನ ಕೆಲಸಕ್ಕೂ ಅಂಟಿಕೊಳ್ಳುತ್ತದೆ ಎಂದು ಡಾಲ್ಫ್ ಜಿಲ್ಮನ್ ಎಂಬ ಮಾಧ್ಯಮ ಸಂಶೋಧಕರು 1970ರ ದಶಕದಲ್ಲೇ ವಿವರಿಸಿದ್ದರು. ವಿಡಿಯೊ ಮುಗಿದ ಮುಂದಿನ ಕ್ಷಣದಲ್ಲಿ ನಮ್ಮ ಬೆರಳಿಗೆ ಸಿಗುವುದೇ ಫಾರ್ವರ್ಡ್ ಬಟನ್.

ದೃಶ್ಯ ಅದೇ, ಅರ್ಥ ಬೇರೆ

"ಕಣ್ಣಾರೆ ಕಂಡಿದ್ದೇವೆ, ಸುಳ್ಳಾಗುವುದು ಹೇಗೆ?" ಎನ್ನುವವರಿಗೆ ಒಂದು ಉದಾಹರಣೆ. 1980ರ 'ದಿ ಶೈನಿಂಗ್' ಹೆಸರಾಂತ ಹಾರರ್ ಸಿನಿಮಾ. 2005ರಲ್ಲಿ ರಾಬರ್ಟ್ ರ‍್ಯಾಂಗ್ ಎಂಬ ಯುವ ಸಂಕಲನಕಾರ ಒಂದು ಸ್ಪರ್ಧೆಗಾಗಿ ಅದೇ ಸಿನಿಮಾದ ದೃಶ್ಯಗಳನ್ನು ಆರಿಸಿ, ಹಿಂದೆ ಲವಲವಿಕೆಯ ಹಾಡು ಹಾಕಿ, ಹೊಸ ಟ್ರೇಲರ್ ಕಟ್ಟಿದರು. ಅದನ್ನು ನೋಡಿದವರಿಗೆ ಇದು ಅಪ್ಪ ಮಗನ ಮುದ್ದಾದ ಫ್ಯಾಮಿಲಿ ಸಿನಿಮಾ ಅನ್ನಿಸುತ್ತಿತ್ತು! ಯಾವ ದೃಶ್ಯವೂ ನಕಲಿಯಲ್ಲ. ಬದಲಾದದ್ದು ಆಯ್ಕೆ, ಜೋಡಣೆ ಮತ್ತು ಶಬ್ದ ಮಾತ್ರ.

ಹಾಗಾದರೆ ಟ್ರೇಲರ್ ಮಾಡುವುದು ಮೋಸವೇ?

ಈ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. 2016ರ ಹಿಂದಿ ಚಿತ್ರ 'ಫ್ಯಾನ್' ಪ್ರಚಾರದಲ್ಲಿ ತೋರಿಸಿದ್ದ ಹಾಡು ಸಿನಿಮಾದಲ್ಲಿ ಇರಲಿಲ್ಲ. ಹಾಡು ನೋಡಲೆಂದೇ ಮನೆಮಂದಿಯನ್ನು ಕರೆದುಕೊಂಡು ಹೋಗಿದ್ದ ಪ್ರೇಕ್ಷಕರೊಬ್ಬರು ಗ್ರಾಹಕ ವೇದಿಕೆಗೆ ದೂರು ಕೊಟ್ಟರು. ಅವರಿಗೆ 10,000 ರೂಪಾಯಿ ಪರಿಹಾರ ಮತ್ತು 5,000 ರೂಪಾಯಿ ಖರ್ಚು ಕೊಡುವಂತೆ ಆದೇಶವೂ ಆಗಿತ್ತು. ಆದರೆ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಪ್ರಚಾರದ ಟ್ರೇಲರ್ ಎಂಬುದು ಪ್ರೇಕ್ಷಕರ ಜೊತೆಗಿನ ಒಪ್ಪಂದವಲ್ಲ, ಅದರಲ್ಲಿರುವುದೆಲ್ಲ ಸಿನಿಮಾದಲ್ಲಿ ಇರಲೇಬೇಕು ಎಂದೇನಿಲ್ಲ ಎಂಬುದು ತೀರ್ಪಿನ ಸಾರ. 'ಟ್ರೇಲರ್‌ನಲ್ಲಿದ್ದ ದೃಶ್ಯ ಸಿನಿಮಾದಲ್ಲಿ ಇಲ್ಲದಿದ್ದರೆ ದುಡ್ಡು ವಾಪಸ್' ಎಂಬ ಸಂದೇಶ ಬಂದರೆ ಈ ತೀರ್ಪು ನೆನಪಿರಲಿ.

ನಮಗನ್ನಿಸುವಂತೆ ಟ್ರೇಲರ್ ಒಂದು ಮಟ್ಟಿಗೆ ಪ್ರಾಮಾಣಿಕ. 'ನಾನು ಜಾಹೀರಾತು' ಎಂದು ಅದು ಹೇಳಿಕೊಳ್ಳುತ್ತದೆ. ಬಚ್ಚಿಟ್ಟ ಉತ್ತರ ಥಿಯೇಟರ್‌ನಲ್ಲಿ ಸಿಗುತ್ತದೆ. ಅಪಾಯ ಇರುವುದು ಉತ್ತರವೇ ಸಿಗದ ಕಡೆ.

ಸಿನಿಮಾ ಇಲ್ಲದ ಟ್ರೇಲರ್

2018ರಲ್ಲಿ ಕರ್ನಾಟಕವೂ ಸೇರಿ ದೇಶದ ಹಲವೆಡೆ ಒಂದು ವಿಡಿಯೊ ಹರಿದಾಡಿತು. ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಬೈಕಿನಲ್ಲಿ ಬಂದ ಇಬ್ಬರು ಎತ್ತಿಕೊಂಡು ಹೋಗುತ್ತಾರೆ. ಅಷ್ಟೇ ವಿಡಿಯೊ. 'ಮಕ್ಕಳ ಕಳ್ಳರು ಬಂದಿದ್ದಾರೆ, ಎಲ್ಲರಿಗೂ ಕಳಿಸಿ' ಎಂಬ ಮಾತು ಜೊತೆಗೆ.

ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಮಾಡಿದ್ದ ಜಾಗೃತಿ ವಿಡಿಯೊ. ಮೂಲದಲ್ಲಿ ಆ ಬೈಕ್ ಸವಾರರು ಮರಳಿ ಬಂದು ಮಗುವನ್ನು ಬಿಟ್ಟು, ಮಗುವನ್ನು ಅಪಹರಿಸಲು ಒಂದು ಕ್ಷಣ ಸಾಕು ಎಂಬ ಅರ್ಥದ ಫಲಕ ಹಿಡಿಯುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. 'ಏನು' ಉಳಿಯಿತು, 'ಏಕೆ' ಹೋಯಿತು. ಟ್ರೇಲರ್ ಮಾಡುವ ಕೆಲಸವೇ ಇದು, ಆದರೆ ಇಲ್ಲಿ ಉತ್ತರ ಸಿಗುವ ಥಿಯೇಟರ್ ಇರಲಿಲ್ಲ.

ಮಕ್ಕಳ ಕಳ್ಳರ ವದಂತಿ ಹಬ್ಬಿದ್ದ ಆ ದಿನಗಳಲ್ಲಿ, ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಒಬ್ಬ ಯುವಕ ಗುಂಪಿನ ಹೊಡೆತಕ್ಕೆ ಬಲಿಯಾದ. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಗೆಳೆಯರೊಂದಿಗೆ ಬಂದಿದ್ದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಜನ ಹೊಡೆದು ಕೊಂದರು. ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಎಂಬ ಮಿತಿ ತರುವುದಾಗಿ ಘೋಷಿಸಿತು.

ಫಾರ್ವರ್ಡ್ ಮಾಡಿದವರೆಲ್ಲ ಕೆಟ್ಟವರಲ್ಲ. ಬಹುಪಾಲು ಜನ ತಮ್ಮ ಮಕ್ಕಳ ಬಗ್ಗೆ ಆತಂಕಗೊಂಡ ಅಪ್ಪ ಅಮ್ಮಂದಿರೇ ಇದ್ದಿರಬೇಕು. ಬರ್ಜರ್ ಮತ್ತು ಮಿಲ್ಕ್‌ಮನ್ ಎಂಬ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ. ಬೆರಗು, ಸಿಟ್ಟು, ಆತಂಕದಂಥ ಮೈ ಬಿಸಿ ಮಾಡುವ ಭಾವನೆ ಹುಟ್ಟಿಸಿದ ಬರಹಗಳನ್ನು ಜನ ಹೆಚ್ಚು ಹಂಚಿಕೊಂಡಿದ್ದರು. ದುಃಖದ ಬರಹಗಳು ಅಷ್ಟು ಓಡಿರಲಿಲ್ಲ.

ಯುದ್ಧದ ವಿಡಿಯೊಗಳದ್ದೂ ಇದೇ ಕಥೆ. 'ಆರ್ಮಾ 3' ಎಂಬ ಕಂಪ್ಯೂಟರ್ ಗೇಮ್‌ನ ದೃಶ್ಯಗಳು ನಿಜ ಯುದ್ಧದ ದೃಶ್ಯಗಳೆಂದು ಹರಿದಾಡಿದಾಗ, 2022ರ ನವೆಂಬರ್‌ನಲ್ಲಿ ಅದನ್ನು ತಯಾರಿಸಿದ ಕಂಪನಿಯೇ ಎಚ್ಚರಿಕೆ ಕೊಡಬೇಕಾಯಿತು. ಮಸುಕು ಚಿತ್ರ, ಅಲುಗಾಡುವ ಕ್ಯಾಮೆರಾ, ಕತ್ತಲು, ಶಬ್ದವೇ ಇಲ್ಲದಿರುವುದು ಇವೆಲ್ಲ ಅನುಮಾನಕ್ಕೆ ಕಾರಣಗಳು ಎಂದು ಅದು ತಿಳಿಸಿತ್ತು. ಈಗ ಎಐ ಬಳಸಿ ತಯಾರಿಸುವ ನಕಲಿ ಟ್ರೇಲರ್‌ಗಳೂ ಸೇರಿಕೊಂಡಿವೆ. 2025ರ ಮಾರ್ಚ್‌ನಲ್ಲಿ ಅಂಥ ಎರಡು ದೊಡ್ಡ ಚಾನೆಲ್‌ಗಳ ಜಾಹೀರಾತು ಆದಾಯವನ್ನು ಯೂಟ್ಯೂಬ್ ನಿಲ್ಲಿಸಿತು.

ನಾವು ಮಾಡಬಹುದಾದದ್ದು

1. ಮ್ಯೂಟ್ ಮಾಡಿ ಮತ್ತೊಮ್ಮೆ ನೋಡಿ. ಬಿಜಿಎಂ ಹೋದ ಕೂಡಲೇ ಅರ್ಧ ಬಿಸಿ ಇಳಿಯುತ್ತದೆ. ಆಗ ವಿಡಿಯೊದಲ್ಲಿ ನಿಜವಾಗಿ ಏನು ಕಾಣುತ್ತಿದೆ ಎಂದು ಗೊತ್ತಾಗುತ್ತದೆ.

2. 'ಇದಕ್ಕೆ ಮುಂಚೆ ಏನಾಯಿತು? ಆಮೇಲೆ ಏನಾಯಿತು?' ಎಂದು ಕೇಳಿಕೊಳ್ಳಿ. ಉತ್ತರ ವಿಡಿಯೊದಲ್ಲಿ ಇಲ್ಲದಿದ್ದರೆ ನೀವು ನೋಡಿದ್ದು ಟ್ರೇಲರ್ ಮಾತ್ರ.

3. ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಹಳೆಯ ವಿಡಿಯೊ, ಬೇರೆ ದೇಶದ ವಿಡಿಯೊಗಳ ಮೂಲ ಎಷ್ಟೋ ಸಲ ಹೀಗೆ ಸಿಕ್ಕಿಬಿಡುತ್ತದೆ.

4. ಸಿನಿಮಾ ಟ್ರೇಲರ್ ಆದರೆ ನಿರ್ಮಾಣ ಸಂಸ್ಥೆಯ ಅಧಿಕೃತ ಚಾನೆಲ್‌ನಲ್ಲಿ ಇದೆಯೇ ನೋಡಿ. 'ಕಾನ್ಸೆಪ್ಟ್ ಟ್ರೇಲರ್' ಎಂಬ ಪದ ಎಲ್ಲಾದರೂ ಮೂಲೆಯಲ್ಲಿದ್ದರೆ ಅದು ಅಸಲಿಯಲ್ಲ.

5. ಮೈ ಬಿಸಿಯಾಗಿದ್ದರೆ ಹತ್ತು ನಿಮಿಷ ಬಿಟ್ಟು ನಿರ್ಧರಿಸಿ. ನಿಜ ಸುದ್ದಿ ಹತ್ತು ನಿಮಿಷಕ್ಕೆ ಹಳಸುವುದಿಲ್ಲ.

ಟ್ರೇಲರ್ ನೋಡಿ ಶಿಳ್ಳೆ ಹೊಡೆಯೋಣ, ಗ್ರೂಪಿಗೂ ಕಳಿಸೋಣ. ಅದು ಸಿನಿಮಾದ ಖುಷಿಯ ಭಾಗ. ಆದರೆ ಸಿನಿಮಾದ ಹೆಸರಿಲ್ಲದ ವಿಡಿಯೊ ಒಂದು ಅದೇ ರೀತಿ ಮೈ ಜುಮ್ಮೆನ್ನಿಸಿದರೆ ಕೇಳಿಕೊಳ್ಳೋಣ: ಟ್ರೇಲರ್ ಇಲ್ಲಿದೆ, ಸಿನಿಮಾ ಎಲ್ಲಿ?