ನಿಮಗಿದು ಗೊತ್ತೇ? ಜ್ವರ ಬಿಟ್ಟ ಮೇಲಿನ ಹೆಪ್ಪು

● ಹಾಲಿಗೆ ಹಾಕುವುದೂ ಹೆಪ್ಪು, ರಕ್ತ ಕಟ್ಟುವುದೂ ಹೆಪ್ಪು. ಈಳಿಗೆಮಣೆ ಬೆರಳು ಕೊಯ್ದಾಗ ರಕ್ತ ಹೆಪ್ಪುಗಟ್ಟದಿದ್ದರೆ ಗತಿಯೇನು? ಆದರೆ ಗಾಯವೇ ಇಲ್ಲದ ಕಡೆ, ಕಾಲಿನ ಒಳಗಿನ ರಕ್ತನಾಳದಲ್ಲೋ ಶ್ವಾಸಕೋಶದಲ್ಲೋ ಕಟ್ಟಿಕೊಂಡರೆ ಪ್ರಾಣಕ್ಕೇ ಸಂಚಕಾರ. ಜೋರಾದ ವೈರಸ್ ಕಾಯಿಲೆ ಮಾಡುವ ಎಡವಟ್ಟು ಇದೇ.

● ಬೇಡದ ಕಡೆ ರಕ್ತ ಕಟ್ಟಲು ಕಾರಣ ಮೂರು: ನಾಳದ ಒಳಗೋಡೆಗೆ ಪೆಟ್ಟು, ಹರಿವು ನಿಧಾನವಾಗುವುದು, ರಕ್ತಕ್ಕೇ ಕಟ್ಟುವ ಗುಣ ಹೆಚ್ಚುವುದು. 19ನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಖೋ ಹೆಸರಲ್ಲಿ ಈ ತ್ರಿಕೂಟವನ್ನು ಇವತ್ತಿಗೂ ಪಾಠ ಮಾಡುತ್ತಾರೆ. ತೀವ್ರ ಕೋವಿಡ್ ಮೂರನ್ನೂ ಒಟ್ಟಿಗೇ ತಂದಿತು. ಉರಿಯೂತ ಗೋಡೆ ಕೆಡಿಸಿತು. ವಾರಗಟ್ಟಲೆ ಮಲಗಿದ್ದರಿಂದ ಹರಿವು ಕುಂಟಿತು. ಲಿವರ್ ಹೆಪ್ಪಿನ ಕಚ್ಚಾವಸ್ತು ಫೈಬ್ರಿನೋಜನ್ ಅನ್ನು ಧಾರಾಳವಾಗಿ ಸುರಿಯಿತು.

● 2021ರಲ್ಲಿ ಮನೆಮನೆಯಲ್ಲೂ ಕೇಳಿಸಿದ ಪ್ರಶ್ನೆ: 'ಡಿ-ಡೈಮರ್ ಎಷ್ಟು ಬಂತು?' ಕಟ್ಟಿದ ಹೆಪ್ಪನ್ನು ದೇಹವೇ ಕರಗಿಸುವಾಗ ಉಳಿಯುವ ಚೂರು ಅದು. ಒಲೆಯಲ್ಲಿನ ಬೂದಿ ಇದ್ದಂತೆ: ಬೆಂಕಿ ಉರಿದದ್ದು ಗೊತ್ತಾಗುತ್ತದೆ, ಯಾವ ಸೌದೆ ಅಂತ ಗೊತ್ತಾಗುವುದಿಲ್ಲ. ಬಸುರಿಯರಲ್ಲಿ, ಆಪರೇಷನ್ ಆದವರಲ್ಲಿ, ವಯಸ್ಸಾದವರಲ್ಲಿ ಕೋವಿಡ್ ಇಲ್ಲದೆಯೂ ಏರುತ್ತದೆ. ಅದೊಂದು ಸಂಖ್ಯೆ ಹಿಡಿದುಕೊಂಡು ಎಷ್ಟು ಜನ ರಾತ್ರಿಯಿಡೀ ನಿದ್ದೆಗೆಟ್ಟರೋ!

● ಸ್ವೀಡನ್ನಿನಲ್ಲಿ ಕೋವಿಡ್ ಬಂದ 10 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ತೆಗೆದು ನೋಡಿದರು. 2022ರಲ್ಲಿ ಫಲಿತಾಂಶ ಬಂತು. ಕಾಲಿನ ಹೆಪ್ಪಿನ ಅಪಾಯ 3 ತಿಂಗಳವರೆಗೆ, ಶ್ವಾಸಕೋಶದ್ದು 6 ತಿಂಗಳವರೆಗೆ ಹೆಚ್ಚಿತ್ತು. ಮೊದಲ 30 ದಿನದಲ್ಲಂತೂ ಶ್ವಾಸಕೋಶದ ಹೆಪ್ಪು 33 ಪಟ್ಟು! ಬೆಚ್ಚಬೇಡಿ. ಮೂಲದಲ್ಲೇ ಅಪರೂಪದ ಸಂಗತಿ ಅದು. 33 ಪಟ್ಟಾದರೂ ಸಾವಿರ ಸೋಂಕಿತರಲ್ಲಿ ಇಬ್ಬರಿಗೂ ಆಗಲಿಲ್ಲ. 'ಪಟ್ಟು' ಅಂದ ಕೂಡಲೇ 'ಎಷ್ಟರ ಪಟ್ಟು?' ಎಂದು ಕೇಳುವ ಅಭ್ಯಾಸ ಒಳ್ಳೆಯದು.

● ಬ್ರಿಟನ್ನಿನ ಬಯೋಬ್ಯಾಂಕ್ ಎಂಬ ಆರೋಗ್ಯ ದಾಖಲೆ ಸಂಗ್ರಹದ ಪ್ರಕಾರ, 2020ರಲ್ಲಿ ಕೋವಿಡ್ ಬಂದವರಿಗೆ ಹೃದಯಾಘಾತ, ಪಾರ್ಶ್ವವಾಯು ಮತ್ತು ಸಾವಿನ ಅಪಾಯ ಸುಮಾರು 3 ವರ್ಷ ಇಮ್ಮಡಿಯಾಗಿತ್ತು. ಆಸ್ಪತ್ರೆ ಸೇರಿದ್ದವರಿಗೆ ಇನ್ನೂ ಹೆಚ್ಚು. ಅವರಲ್ಲೂ 'ಓ' ರಕ್ತದ ಗುಂಪಿನವರಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಉಳಿದವರಿಗಿಂತ ಕಮ್ಮಿ.

● ಕೋವಿಡ್ ಒಂದನ್ನೇ ಬೈಯಬೇಡಿ. ಫ್ಲೂ ಜ್ವರ ದೃಢಪಟ್ಟ ಮೊದಲ 7 ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ 6 ಪಟ್ಟು ಎಂದು ಕೆನಡಾದ ಒಂಟಾರಿಯೋದಲ್ಲಿ ಲೆಕ್ಕ ಸಿಕ್ಕಿತು. ಅದು ಪ್ರಕಟವಾದದ್ದು 2018ರಲ್ಲಿ, ಕೋವಿಡ್ ಹುಟ್ಟುವ ಮೊದಲು.

● ಸರ್ಪಸುತ್ತು ಎದ್ದ ಮೊದಲ ಕೆಲವು ವಾರ ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಚರ್ಮದ ಗುಳ್ಳೆಗೂ ಮಿದುಳಿನ ನಾಳಕ್ಕೂ ಇರುವ ನಂಟು ಸರ್ಪಸುತ್ತು ತರುವ ವೈರಸ್ಸೇ.

● ಡೆಂಗಿ ಉಲ್ಟಾ ಗಿರಾಕಿ. ಅಲ್ಲಿ ಪ್ಲೇಟ್‌ಲೆಟ್ ಬಿದ್ದು ರಕ್ತ ಸೋರುವ ಭಯ. ಹಾಗಾಗಿ ಜ್ವರವೆಂದು, ಹೆಪ್ಪು ತಡೆಯುವ ಆಸ್ಪಿರಿನ್ ಕೈಗೆ ಸಿಕ್ಕಿತೆಂದು ನುಂಗುವುದು ಅಪಾಯ. ಅಷ್ಟಕ್ಕೂ ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳ ಜೀವವನ್ನೂ ಆಸ್ಪಿರಿನ್ ಉಳಿಸಲಿಲ್ಲ. ಬ್ರಿಟನ್ನಿನ 'ರಿಕವರಿ' ಪ್ರಯೋಗ ಸುಮಾರು 15 ಸಾವಿರ ಜನರಲ್ಲಿ ಇದನ್ನು ಪರೀಕ್ಷಿಸಿತ್ತು.

● 2025ರ ಬೇಸಗೆ ಮುಗಿಯುವಾಗ ಹಾಸನ ಜಿಲ್ಲೆಯಿಂದ ಹಠಾತ್ ಸಾವುಗಳ ಸುದ್ದಿ ಮೇಲಿಂದ ಮೇಲೆ ಬಂತು. ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಕ್ಯೂ ಬೆಳೆಯಿತು. ಆ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿಗೆ ಚಿಕ್ಕ ವಯಸ್ಸಿನ ಹೃದ್ರೋಗಕ್ಕೂ ಕೋವಿಡ್ಡಿಗೂ ಲಸಿಕೆಗೂ ನೇರ ಸಂಬಂಧ ಕಾಣಲಿಲ್ಲ. ಇನ್ನೊಂದೆಡೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳನ್ನು ನೋಡಿದಾಗ, ಹಿಂದೆ ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ ಅಪಾಯ ಹೆಚ್ಚಿತ್ತು. ಲಸಿಕೆ ಅಪಾಯ ಹೆಚ್ಚಿಸಿರಲಿಲ್ಲ. ಎರಡನ್ನೂ ಜೊತೆಗಿಟ್ಟು ಓದಿದರೆ ನನಗೆ ತೋಚುವುದಿಷ್ಟು: ಸೋಂಕು ಬಂದಿತ್ತೇ ಎನ್ನುವುದಕ್ಕಿಂತ ಎಷ್ಟು ಜೋರಾಗಿ ಬಂದಿತ್ತು ಎನ್ನುವುದು ಮುಖ್ಯ.

● ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಡಾಕ್ಟರಿಗೆ ತೋರಿಸಿ. ಜೊತೆಗೆ ಏದುಸಿರು, ಎದೆನೋವು, ಕಫದಲ್ಲಿ ರಕ್ತ ಇದ್ದರೆ ನಾಳೆ ನೋಡೋಣ ಎನ್ನದೆ ನೇರ ಎಮರ್ಜೆನ್ಸಿಗೆ.

● ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಿಗೆ ಹೊಕ್ಕುಳ ಪಕ್ಕ ಚುಚ್ಚಿ ನೀಲಿ ಕಲೆ ಉಳಿಸುತ್ತಿದ್ದ ಆ ಇಂಜೆಕ್ಷನ್ ನೆನಪಿದೆಯೇ? ಹೆಪ್ಪು ತಡೆಯುವ ಹೆಪಾರಿನ್ ಜಾತಿಯ ಔಷಧ. ಅದರ ಮೂಲ ಹಂದಿಯ ಕರುಳು.

● ಹೆಪ್ಪು ತಡೆಯುವ ಇನ್ನೊಂದು ಔಷಧ, ಮಾತ್ರೆಯ ರೂಪದ ವಾರ್ಫರಿನ್, ಮೊದಲು ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ, 1948ರಲ್ಲಿ. ಏಳು ವರ್ಷದ ನಂತರ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಅದನ್ನೇ ಕೊಟ್ಟರು.